ಮೊದಲು ಗೋಡೆ ನೋಡಿ, ಆಮೇಲೆ ಚಿಮ್ನಿ: ಕೊಡಗಿನ ಅಡುಗೆಮನೆಗೆ ಕಡಿಮೆ ಖರ್ಚಿನ ಆಯ್ಕೆ

ಚಿಮ್ನಿ ಕೊಳ್ಳಬೇಕೆಂದವರು ಸಾಮಾನ್ಯವಾಗಿ ನೇರವಾಗಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಗಾಜಿನ ಮುಖ, ಕೈ ಬೀಸಿದರೆ ಹೊತ್ತುವ ದೀಪ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಗಾಳಿ ಎಳೆಯುವ ಬಲ ತೋರಿಸುವ 1,200 ಅಥವಾ 1,400 ಎಂಬ ಅಂಕಿ. ಇಟ್ಟುಕೊಂಡ ಹಣದ ಬಹುಪಾಲು ಅಲ್ಲೇ ಕರಗುತ್ತದೆ. ಕೊಳವೆ, ಗೋಡೆಯ ತೂತು, ಹೊರಗಿನ ಬಾಯಿ ಇವುಗಳಿಗೆ ಉಳಿಯುವುದು ಚಿಲ್ಲರೆ. ಅಳವಡಿಸಲು ಬಂದವರು ಸಿಕ್ಕ ಪೈಪಿಗೆ ಮೂರು ಬಾಗು ಕೊಟ್ಟು, ಸಿಕ್ಕ ಕಡೆ ಹೊರಗೆ ಬಿಟ್ಟು ಹೋಗುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಕೊಳವೆಯಿಂದ ನೀರು ಒಲೆಯ ಮೇಲೆ ತೊಟ್ಟಿಕ್ಕುತ್ತದೆ.

ಕೊಡಗಿನಲ್ಲಿ ಈ ಕ್ರಮ ತಿರುವುಮುರುವಾಗಬೇಕು. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ, ಯಂತ್ರ ಕೊನೆಗೆ ಬರಲಿ. ಒಳ್ಳೆಯ ದಾರಿ ಸಿಕ್ಕಿದ ಹತ್ತು ಸಾವಿರದ ಚಿಮ್ನಿ, ಕೆಟ್ಟ ದಾರಿಯ ಇಪ್ಪತ್ತೈದು ಸಾವಿರದ ಚಿಮ್ನಿಗಿಂತ ಚೆನ್ನಾಗಿ ಹೊಗೆ ಎಳೆಯುತ್ತದೆ. ಕಡಿಮೆ ಹಣದಲ್ಲಿ ಕೆಲಸ ಆಗಬೇಕೆನ್ನುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಚಿಮ್ನಿ ಇಲ್ಲಿ ಶೋಕಿಯ ವಸ್ತುವೂ ಅಲ್ಲ. ಹಂದಿ ಮಾಂಸದ ಪಂದಿ ಕರಿಗೆ ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸನ್ನು ಕಪ್ಪಾಗುವ ತನಕ ಹುರಿಯುವ ಹೊತ್ತನ್ನು ನೆನಪಿಸಿಕೊಳ್ಳಿ. ಮೊದಲು ಪರಿಮಳ, ಅರೆ ನಿಮಿಷದಲ್ಲಿ ತೆಳು ನೀಲಿ ಹೊಗೆ, ಆಮೇಲೆ ಗಂಟಲು ಹಿಡಿಯುವ ಘಾಟು. ಅದರ ಹಿಂದೆಯೇ ಮಾಂಸದ ಕೊಬ್ಬು ಕರಗುತ್ತಾ ಸಣ್ಣ ಸಣ್ಣ ಹನಿಗಳಾಗಿ ಹಾರುತ್ತದೆ. ಅಕ್ಕಿಯ ತಿನಿಸುಗಳಾದ ಕಡಂಬುಟ್ಟು, ನೂಲ್‌ಪುಟ್ಟು ಬೇಯುವ ದಿನ ಆವಿಯದೇ ರಾಜ್ಯ. ಮಳೆಗಾಲದಲ್ಲಿ ಕಿಟಕಿ ತೆರೆಯುವಂತಿಲ್ಲ. ಜಿಡ್ಡು ಮತ್ತು ತೇವ ಎರಡೂ ಸೇರಿದ ಗೋಡೆಗೆ ಬೂಷ್ಟು ಹಿಡಿಯಲು ಎರಡು ವಾರ ಸಾಕು. ಆರೋಗ್ಯದ ಮಾತೂ ಇದೆ. ಹೆಚ್ಚಿನ ಉಷ್ಣತೆಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎನ್ನುವ 2ಎ ಗುಂಪಿನಲ್ಲಿ ಇರಿಸಿದೆ. ಮನೆಯೊಳಗಿನ ಸೌದೆ ಹೊಗೆಯೂ ಅದೇ ಗುಂಪಿನಲ್ಲಿದೆ. ಇದನ್ನು ದಿನಕ್ಕೆ ಎರಡು ಮೂರು ಗಂಟೆ ಉಸಿರಾಡುವವರು ಮನೆಯ ಹೆಂಗಸರು. ಈ ಖರ್ಚನ್ನು ಮುಂದೂಡಬಾರದು ಎನ್ನುವುದಕ್ಕೆ ನನಗೆ ಇಷ್ಟೇ ಕಾರಣ ಸಾಕು.

ಹೆಜ್ಜೆ 1: ಒಲೆ ಯಾವುದು?

ನಮ್ಮಲ್ಲಿ ಬಹಳ ಮನೆಗಳಲ್ಲಿ ಎರಡು ಅಡುಗೆಮನೆ. ಒಳಗೆ ಗ್ಯಾಸ್, ಹಿಂದೆ ಸೌದೆ ಒಲೆ. ವಿದ್ಯುತ್ ಚಿಮ್ನಿ ಗ್ಯಾಸ್ ಅಥವಾ ಇಂಡಕ್ಷನ್ ಒಲೆಗೆ ಮಾತ್ರ. ಸೌದೆ ಒಲೆಯ ಮೇಲೆ ಅದನ್ನು ಎಂದಿಗೂ ಕೂರಿಸಬೇಡಿ. ಸೌದೆಯ ಕಿಡಿ ಮೇಲಕ್ಕೆ ಹಾರಿ ಜಿಡ್ಡು ಹಿಡಿದ ಜಾಲರಿಗೆ ತಗುಲಿದರೆ ಬೆಂಕಿ ಹೊತ್ತುತ್ತದೆ. ಮೋಟಾರಿನ ಸುತ್ತಲಿನ ಪ್ಲಾಸ್ಟಿಕ್ಕು, ವೈರು ಆ ಕಾವಿಗೆಂದು ಮಾಡಿದವಲ್ಲ. ಮಸಿಯಂತೂ ಕೆಲವೇ ದಿನಗಳಲ್ಲಿ ಒಳಗೆಲ್ಲ ಮೆತ್ತಿಕೊಳ್ಳುತ್ತದೆ.

ಸೌದೆ ಒಲೆಗೆ ಬೇಕಾದದ್ದು ವಿದ್ಯುತ್ತಿಲ್ಲದ ಹೊಗೆಕೊಳವೆ ಇರುವ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಹಳೆಯ, ಚೆನ್ನಾಗಿ ಪರೀಕ್ಷೆಯಾದ ಉದಾಹರಣೆ. ಮುಚ್ಚಿದ ಉರಿಗೂಡು, ಒಂದರ ಹಿಂದೆ ಒಂದು ಪಾತ್ರೆ, ಕೊನೆಗೆ ಹೊಗೆಕೊಳವೆ. ಅದರಿಂದ ಸೌದೆಯೂ ಉಳಿಯುತ್ತದೆ. ಮಾಂಸ ಒಣಗಿಸುವುದು, ಸ್ನಾನದ ನೀರು ಕಾಯಿಸುವುದು ಮೊದಲಾದ ಕೆಲಸ ಹಿಂದಿನ ಒಲೆಗೇ ಇರಲಿ. ಅಲ್ಲಿಗೆ ಚಿಮ್ನಿಯ ಹಣ ಹಾಕಬೇಡಿ.

ಗ್ಯಾಸ್ ಒಲೆಯೂ ಸೌದೆ ಒಲೆಯೂ ಒಂದೇ ಕೋಣೆಯಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ಕಿಟಕಿ ಬಾಗಿಲು ಮುಚ್ಚಿ ಚಿಮ್ನಿ ಹಾಕಿದಾಗ ಅದು ಗಾಳಿಯನ್ನು ಎಲ್ಲಿಂದಾದರೂ ಎಳೆಯಲೇಬೇಕು. ಸುಲಭವಾಗಿ ಸಿಗುವ ದಾರಿ ಸೌದೆ ಒಲೆಯ ಹೊಗೆಕೊಳವೆ. ಹೊರಗೆ ಹೋಗಬೇಕಾದ ಹೊಗೆ, ಅದರ ಜೊತೆ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್, ಹಿಂದಕ್ಕೆ ಮನೆಯೊಳಗೇ ಬರುತ್ತದೆ. ಅಡುಗೆಮನೆಗೆ ತಾಗಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಅಪಾಯ. ಇಂಥ ಮನೆಗಳಲ್ಲಿ ಎರಡನ್ನೂ ಒಟ್ಟಿಗೆ ನಡೆಸಬಾರದು. ಚಿಮ್ನಿ ಹಾಕುವಾಗ ಒಲೆಯಿಂದ ದೂರದ ಕಿಟಕಿಯೊಂದು ತೆರೆದಿರಲೇಬೇಕು.

ಹೆಜ್ಜೆ 2: ಹೊರಗೆ ಹೋಗುವ ದಾರಿ

ಅಳತೆ ಪಟ್ಟಿ ಹಿಡಿದು ಅಡುಗೆಮನೆಯಲ್ಲಿ ನಿಂತುಕೊಳ್ಳಿ. ಒಲೆಯ ಹಿಂದಿನ ಗೋಡೆ ಹೊರಗೋಡೆಯೇ? ಹೌದಾದರೆ ನಿಮ್ಮ ಅದೃಷ್ಟ, ನೇರ ಹಿಂದಕ್ಕೆ ತೂತು ಕೊರೆದರೆ ಮುಗಿಯಿತು. ಇಲ್ಲವಾದರೆ ಒಲೆಯನ್ನೇ ಹೊರಗೋಡೆಯ ಕಡೆಗೆ ಸರಿಸಲಾದೀತೇ ಎಂದು ಯೋಚಿಸಿ. ಗ್ಯಾಸ್ ಪೈಪನ್ನು ಸ್ವಲ್ಪ ಉದ್ದ ಮಾಡುವ ಖರ್ಚು, ಹತ್ತು ಹನ್ನೆರಡು ಅಡಿ ಕೊಳವೆ ಎಳೆದು ಸದಾ ಸೊರಗಿದ ಗಾಳಿಯಲ್ಲಿ ಬದುಕುವುದಕ್ಕಿಂತ ಕಡಿಮೆ.

ಕೊಳವೆಯ ವ್ಯಾಸ ಆರು ಇಂಚು. ಇದರಲ್ಲಿ ರಾಜಿ ಬೇಡ. ಆರಿಂಚಿನ ಕೊಳವೆಯ ಬಾಯಿಗೆ ಹೋಲಿಸಿದರೆ ನಾಲ್ಕಿಂಚಿನದರ ವಿಸ್ತೀರ್ಣ ಅರ್ಧಕ್ಕಿಂತಲೂ ಕಡಿಮೆ. ಅದರಲ್ಲಿ ಅಷ್ಟೇ ಗಾಳಿ ತೂರಿಸಲು ಹೋದರೆ ಮೋಟಾರು ಅರಚುತ್ತದೆ, ಹೊಗೆ ಅಡುಗೆಮನೆಯಲ್ಲೇ ಉಳಿಯುತ್ತದೆ. ಹಳೆಯ ತೂತು ನಾಲ್ಕಿಂಚಿನದೇ ಇದೆ, ಅದರಲ್ಲೇ ಹಾಕಿಬಿಡೋಣ ಎನ್ನುವವರ ಮಾತಿಗೆ ಒಪ್ಪಬೇಡಿ.

ಬಾಗು ಒಂದಿರಲಿ, ಹೆಚ್ಚೆಂದರೆ ಎರಡು. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪನ್ನೇ ಹಾಕುವುದಾದರೆ ಅದನ್ನು ಪೂರ್ತಿ ಎಳೆದು ಬಿಗಿಯಾಗಿಸಿ, ಹೆಚ್ಚಾದ ಉದ್ದವನ್ನು ಕತ್ತರಿಸಬೇಕು. ಮಡಿಕೆಯೊಳಗೆ ಗಾಳಿ ತಡವರಿಸುತ್ತದೆ, ಜಿಡ್ಡು ಕೂರುತ್ತದೆ. ನಯವಾದ ತಗಡಿನ ಕೊಳವೆ ಎಲ್ಲಕ್ಕಿಂತ ಉತ್ತಮ. ತಗಡು ಕೆಲಸದವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಪಿವಿಸಿ ಪೈಪು ನಯವೇನೋ ಹೌದು, ಆದರೆ ಬೆಂಕಿಯ ಸಂದರ್ಭದಲ್ಲಿ ಅದು ಕರಗಿ ವಿಷದ ಹೊಗೆ ಬಿಡುತ್ತದೆ. ನಾನು ತಗಡಿನ ಪಕ್ಷ.

ಇನ್ನು ದಿಕ್ಕು. ಬಯಲುಸೀಮೆಯಲ್ಲಿ ಯಾವ ಗೋಡೆಯಾದರೂ ನಡೆದೀತು, ಇಲ್ಲಿ ನಡೆಯುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಮಳೆಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ಕೊಳವೆಯ ಬಾಯಿ ಆ ದಿಕ್ಕಿಗೆ ಇದ್ದರೆ ನೀರೂ ಒಳಗೆ, ಹೊಗೆಯೂ ಒಳಗೆ. ಸಾಧ್ಯವಿದ್ದರೆ ಪೂರ್ವ ಅಥವಾ ಉತ್ತರದ ಗೋಡೆಯನ್ನು ಆರಿಸಿಕೊಳ್ಳಿ. ಪಶ್ಚಿಮದ ಗೋಡೆಯೇ ಗತಿ ಎಂದಾದರೆ ಸೂರಿನ ಕೆಳಗೆ, ಬಾಯಿ ನೆಲ ನೋಡುವಂತೆ ಒಂದು ಮೊಣಕೈ ಬಾಗು ಕೊಟ್ಟು, ಮೇಲೆ ತಗಡಿನ ಟೋಪಿ ಹಾಕಿಸಿ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆ. ಅಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ, ಸಾಮಾನ್ಯ ಟೋಪಿ ಸಾಕು.

ಕೊಳವೆ ಹೊರಗಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಒಂದು ಮೀಟರಿಗೆ ಒಂದೆರಡು ಸೆಂಟಿಮೀಟರ್. ಇದು ಬರೀ ಮಳೆನೀರಿಗಾಗಿ ಅಲ್ಲ. ಒಲೆಯ ಬಿಸಿ ಆವಿ ಥಂಡಿ ಹಿಡಿದ ಕೊಳವೆಗೆ ತಾಗಿದ ಕೂಡಲೇ ನೀರಾಗುತ್ತದೆ, ಡಿಸೆಂಬರಿನ ಬೆಳಗಿನಲ್ಲೂ ಆಗುತ್ತದೆ. ಇಳಿಜಾರು ಒಳಗಿದ್ದರೆ ಜಿಡ್ಡು ಬೆರೆತ ಆ ಕಂದು ನೀರು ಮೋಟಾರಿನ ಮೇಲೆ ಇಳಿಯುತ್ತದೆ. ಕೊಳವೆಯನ್ನು ನೆಟ್ಟಗೆ ಮೇಲಕ್ಕೆ ಕೊಂಡೊಯ್ಯಬಾರದು ಎನ್ನುವುದಕ್ಕೂ ಇದೇ ಕಾರಣ. ಹಂಚು ಸರಿಸಿ ಮಾಡಿನ ಮೂಲಕ ಕೊಳವೆ ಬಿಟ್ಟರೆ ಮಳೆಗಾಲ ಪೂರ್ತಿ ಸೋರಿಕೆ ಹುಡುಕುವುದೇ ಕೆಲಸವಾಗುತ್ತದೆ.

ಕೊಳವೆಯ ಬಾಯನ್ನು ಅಟ್ಟದೊಳಗೆ ಬಿಡುವುದಂತೂ ಕೂಡದು. ಹೊರಗೋಡೆ ದೂರವಾದಾಗ ಕೆಲವರು ಹೀಗೆ ಮಾಡಿಸಿಕೊಳ್ಳುತ್ತಾರೆ. ಜಿಡ್ಡಿನ ಹೊಗೆ ಪಕಾಸು, ರೀಪುಗಳ ಮೇಲೆ ಪದರ ಪದರವಾಗಿ ಕೂರುತ್ತದೆ, ಒಣಗಿದ ಮರಕ್ಕೆ ಎಣ್ಣೆ ಸವರಿಟ್ಟ ಹಾಗೆ. ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಬೆಂಕಿಯ ಭಯ.

ಬಾಯಿಗೆ ಗಾಳಿ ಬೀಸಿದಾಗ ಮುಚ್ಚಿಕೊಳ್ಳುವ ರೆಕ್ಕೆಬಾಗಿಲು ಮತ್ತು ಅಗಲ ಕಣ್ಣಿನ ಜಾಲರಿ ಇರಲಿ. ಬಾವಲಿ, ಹಲ್ಲಿ, ಮಳೆಹುಳು, ಕಣಜ ಎಲ್ಲಕ್ಕೂ ಈ ಬೆಚ್ಚಗಿನ ಕೊಳವೆ ಇಷ್ಟ. ಜಾಲರಿಯ ಕಣ್ಣು ತೀರ ಸಣ್ಣದಾದರೆ ಜಿಡ್ಡಿನಿಂದ ಕಟ್ಟಿಕೊಳ್ಳುತ್ತದೆ, ಅರ್ಧ ಇಂಚಿನದು ಸರಿ.

ಬಾಡಿಗೆ ಮನೆಯವರು ಗೋಡೆ ಒಡೆಯುವಂತಿಲ್ಲ. ಅವರು ಕಿಟಕಿಯ ಒಂದು ಗಾಜು ತೆಗೆಸಿ, ಅದೇ ಅಳತೆಯ ಅಲ್ಯೂಮಿನಿಯಂ ಹಲಗೆ ಕೂರಿಸಿ, ಅದರಲ್ಲಿ ಕೊಳವೆಯ ತೂತು ಮಾಡಿಸಬಹುದು. ಬಿಟ್ಟು ಹೋಗುವಾಗ ಗಾಜನ್ನು ಮತ್ತೆ ಹಾಕಿಸಿದರಾಯಿತು.

ಹೆಜ್ಜೆ 3: ಒಳಗೆ ಬರುವ ಗಾಳಿ

ಇದನ್ನು ಅಂಗಡಿಯವರು ಹೇಳುವುದಿಲ್ಲ, ಅಳವಡಿಸುವವರೂ ಹೇಳುವುದಿಲ್ಲ. ಎಷ್ಟು ಗಾಳಿ ಹೊರಗೆ ಹೋಗಬೇಕೋ ಅಷ್ಟು ಒಳಗೆ ಬರಬೇಕು. ಹಂಚಿನ ಹಳೆಯ ಮನೆಯಲ್ಲಿ ಸಂದಿಗೊಂದಿಗಳಿಂದ ಗಾಳಿ ತಾನಾಗಿ ಬರುತ್ತದೆ. ಹೊಸ ಕಾಂಕ್ರೀಟ್ ಮನೆಯಲ್ಲಿ, ಜೋರು ಮಳೆಯ ಆಟಿ ತಿಂಗಳಿನಲ್ಲಿ, ಎಲ್ಲ ಕಿಟಕಿ ಬಿಗಿಯಾಗಿ ಮುಚ್ಚಿದಾಗ ಯಾವ ದುಬಾರಿ ಚಿಮ್ನಿಯೂ ಸೋಲುತ್ತದೆ.

ಪರೀಕ್ಷೆ ಸುಲಭ. ನೆಂಟರ ಮನೆಯಲ್ಲಿ ಚಿಮ್ನಿ ಇದ್ದರೆ ಎಲ್ಲ ಮುಚ್ಚಿ, ಜೋರು ವೇಗದಲ್ಲಿ ಹಾಕಿ, ಹಗುರವಾದ ಕಾಗದವೊಂದನ್ನು ಜಾಲರಿಯ ಹತ್ತಿರ ಹಿಡಿಯಿರಿ. ಬಾಗಿಲನ್ನು ಎರಡು ಬೆರಳು ತೆರೆದಾಗ ಕಾಗದ ಇನ್ನೂ ಬಿಗಿಯಾಗಿ ಅಂಟಿಕೊಂಡರೆ, ಮೋಟಾರಿನ ಸದ್ದು ಬದಲಾದರೆ, ಅದು ಗಾಳಿಗಾಗಿ ಹಾತೊರೆಯುತ್ತಿತ್ತು ಎಂದರ್ಥ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಒಲೆಯಿಂದ ದೂರದ ಗೋಡೆಯಲ್ಲಿ, ಮಳೆ ಹೊಡೆಯದ ಬದಿಗೆ, ಸೂರಿನ ಕೆಳಗೆ ಓರೆಪಟ್ಟಿಯ ಗವಾಕ್ಷಿ ಇಡಿಸಿ. ಅದರ ಬಾಯಿ ಕೊಳವೆಯ ಬಾಯಿಗಿಂತ ಚಿಕ್ಕದಾಗಬಾರದು. ಒಲೆಯ ಪಕ್ಕದ ಕಿಟಕಿಯನ್ನು ಮಾತ್ರ ಅಡುಗೆಯ ವೇಳೆ ತೆರೆಯಬೇಡಿ. ಅಡ್ಡ ಗಾಳಿ ಬೀಸಿ ಹೊಗೆಯನ್ನು ಚಿಮ್ನಿಗೆ ಸಿಗದಂತೆ ತಳ್ಳಿಕೊಂಡು ಹೋಗುತ್ತದೆ. ಸೀಲಿಂಗ್ ಫ್ಯಾನಿನದೂ ಅದೇ ಕಥೆ.

ಹೆಜ್ಜೆ 4: ಅಗಲ, ಎತ್ತರ, ಆಕಾರ

ಎರಡು ಬರ್ನರಿನ ಒಲೆಗೆ 60 ಸೆಂಟಿಮೀಟರ್ ಅಗಲ ಸಾಕು. ಮೂರು ಬರ್ನರಿನದು ಉದ್ದವಾಗಿದ್ದರೆ 75, ನಾಲ್ಕಕ್ಕೂ 75, ಐದು ಬರ್ನರಿಗೆ 90. ಒಲೆಯನ್ನು ಅಳೆಯಿರಿ, ಚಿಮ್ನಿ ಅದಕ್ಕಿಂತ ಕಿರಿದಾಗಬಾರದು, ಅಷ್ಟೇ.

ಒಲೆಯಿಂದ ಚಿಮ್ನಿಯ ಕೆಳ ಅಂಚಿಗೆ 65ರಿಂದ 75 ಸೆಂಟಿಮೀಟರ್ ಅಂತರ. ತಯಾರಕರ ಪುಸ್ತಿಕೆಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ತಲೆ ತಾಗುತ್ತದೆಂದು ಮೂರಡಿ ಮೇಲೆ ತೂಗಿಸಿದರೆ ಹೊಗೆ ಮುಟ್ಟುವ ಮೊದಲೇ ಚದುರಿಹೋಗುತ್ತದೆ; ತೀರ ಕೆಳಗಿಟ್ಟರೆ ಕಾವು ಮತ್ತು ಬೆಂಕಿಯ ಅಪಾಯ.

ಆಕಾರದ ವಿಷಯದಲ್ಲಿ ನನ್ನ ಮಾತು ಅಂಗಡಿಯ ಮಾತಿಗೆ ವಿರುದ್ಧ. ಈಗ ಎಲ್ಲೆಲ್ಲೂ ಓರೆಯಾದ ಗಾಜಿನ ಚಿಮ್ನಿ. ನೋಡಲು ಚೆಂದ, ತಲೆಗೂ ತಾಗದು. ಆದರೆ ಮುಂದಿನ ಬರ್ನರಿನಿಂದ ಗಪ್ಪನೆ ಏಳುವ ಒಗ್ಗರಣೆಯ ಹೊಗೆಯನ್ನು, ಪುಟ್ಟಿನ ಪಾತ್ರೆ ತೆರೆದಾಗ ಎದ್ದು ಬರುವ ಆವಿಯನ್ನು ಒಂದು ಕ್ಷಣ ಹಿಡಿದಿಟ್ಟುಕೊಳ್ಳುವ ಪೊಳ್ಳು ಅದರಲ್ಲಿ ಇರುವುದಿಲ್ಲ. ಕೆಳಗೆ ಕವುಚಿದ ಪೆಟ್ಟಿಗೆ ಅಥವಾ ಗೋಪುರದ ಆಕಾರದ ಹಳೆಯ ಮಾದರಿ ಎರಡೂ ಸಾಲಿನ ಬರ್ನರುಗಳ ಮೇಲೆ ಚಾಚಿಕೊಂಡಿರುತ್ತದೆ. ಹೊಗೆ ಮೊದಲು ಅದರಲ್ಲಿ ತುಂಬಿ, ಆಮೇಲೆ ಮೇಲಕ್ಕೆ ಹೋಗುತ್ತದೆ. ಅದೇ ಕಡಿಮೆ ಬೆಲೆಗೂ ಸಿಗುತ್ತದೆ. ಅಡುಗೆ ಮಾಡುವವರು ತುಂಬ ಎತ್ತರದವರಾಗಿದ್ದರೆ ಮಾತ್ರ ಓರೆಯದನ್ನು ಯೋಚಿಸಿ.

ಹೆಜ್ಜೆ 5: ಆ ದಪ್ಪಕ್ಷರದ ಅಂಕಿ

ಗಂಟೆಗೆ ಇಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂಬ ಲೆಕ್ಕ ಅದು. ಕೊಳವೆ, ಬಾಗು ಯಾವುದರ ತಡೆಯೂ ಇಲ್ಲದಾಗ ಸಿಗುವ ಅಂಕಿಯನ್ನೇ ಪೆಟ್ಟಿಗೆಯ ಮೇಲೆ ಹಾಕುವುದು ಸಾಮಾನ್ಯ. ಮನೆಯಲ್ಲಿ ಅಷ್ಟು ಸಿಗುವುದಿಲ್ಲ.

ನಿಮಗೆ ಎಷ್ಟು ಬೇಕು? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಹುರಿಯುವ ಕರಿಯುವ ಅಡುಗೆಗೆ ಗಂಟೆಗೆ ಹದಿನೈದು ಇಪ್ಪತ್ತು ಸಲ ಆ ಗಾಳಿ ಬದಲಾಗಲಿ ಎಂದಿಟ್ಟುಕೊಂಡರೂ 420ರಿಂದ 560 ಘನ ಮೀಟರ್. ಕೊಳವೆಯಲ್ಲಿ ಅರ್ಧ ಕಳೆದುಹೋಯಿತೆಂದರೂ 900ರಿಂದ 1,100ರ ಯಂತ್ರ ಸಾಕು. ಹಂಚಿನ ಮನೆಯ ಎತ್ತರದ ಅಡುಗೆಮನೆ, ಊಟದ ಕೋಣೆಯೊಂದಿಗೆ ಸೇರಿದ ತೆರೆದ ಅಡುಗೆಮನೆ ಆದರೆ 1,200. ಅದಕ್ಕೂ ಮೇಲೆ ಕೊಡುವ ಹಣ ಸದ್ದಿಗೆ ಹೋಗುತ್ತದೆ. ಡೆಸಿಬೆಲ್ ಅಂಕಿ 60ರ ಆಸುಪಾಸಿನಲ್ಲಿದ್ದರೆ ಪಕ್ಕದವರ ಮಾತು ಕೇಳಿಸುತ್ತದೆ. ಸದ್ದಿಗೆ ಬೇಸತ್ತು ಆರಿಸಿಟ್ಟ ಚಿಮ್ನಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಹೋಂಸ್ಟೇ ನಡೆಸುವವರು, ದಿನಾ ಇಪ್ಪತ್ತು ಮೂವತ್ತು ಜನರಿಗೆ ಬೇಯಿಸುವವರು ಈ ಲೆಕ್ಕ ಹಿಡಿಯಬಾರದು. ಅವರಿಗೆ ಹೋಟೆಲಿಗೆ ಮಾಡುವಂಥ ತಗಡಿನ ದೊಡ್ಡ ಕವುಚು (ಹುಡ್) ಮತ್ತು ಗಾಳಿ ಎಳೆಯುವ ಬೇರೆ ಬ್ಲೋವರ್ ಬೇಕು.

ಹೆಜ್ಜೆ 6: ಜಾಲರಿ, ಮೋಟಾರು, ಗುಂಡಿ

ಅಲ್ಯೂಮಿನಿಯಂ ಎಳೆಗಳ ಜಾಲರಿ ಅಗ್ಗ. ನಮ್ಮ ಅಡುಗೆಗೆ ವಾರ ಹತ್ತು ದಿನಕ್ಕೆ ಕಟ್ಟಿಕೊಳ್ಳುತ್ತದೆ, ಮಳೆಗಾಲದಲ್ಲಿ ತೊಳೆದರೆ ಒಣಗದು. ಸ್ಟೀಲಿನ ಪಟ್ಟಿಗಳನ್ನು ಒಂದಕ್ಕೊಂದು ಕವುಚಿ ಮಾಡಿದ ಬ್ಯಾಫಲ್ ಜಾಲರಿಯಲ್ಲಿ ಹೊಗೆ ತಿರುವಿನಲ್ಲಿ ಎಣ್ಣೆ ಬಿಟ್ಟು ಮುಂದೆ ಸಾಗುತ್ತದೆ. ತಿಂಗಳಿಗೊಮ್ಮೆ ತೊಳೆದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಕೆಳಗೊಂದು ಎಣ್ಣೆ ಬಟ್ಟಲು ಇರುವ ಬ್ಯಾಫಲ್ ಮಾದರಿಯೇ ಕಡಿಮೆ ಬಜೆಟ್ಟಿಗೆ ಸರಿ. ಜಾಲರಿಯೇ ಇಲ್ಲದ ಮಾದರಿಗಳೂ ಇವೆ. ಅವುಗಳಲ್ಲಿ ಜಿಡ್ಡು ಬ್ಲೋವರಿನ ಒಳಗೇ ಹೋಗಿ ಕೂರುವುದರಿಂದ ಆಗಾಗ ಮೆಕ್ಯಾನಿಕ್ ಬೇಕಾಗುತ್ತದೆ.

ತಾನೇ ಶುಚಿಯಾಗುವ ಮಾದರಿಯಲ್ಲಿ ಒಳಗಿನ ಕಾಯಿಲು ಬಿಸಿಯಾಗಿ ಬ್ಲೋವರಿನ ಎಣ್ಣೆ ಕರಗಿ ಬಟ್ಟಲಿಗೆ ಇಳಿಯುತ್ತದೆ. ಉಪಯೋಗವಿದೆ, ಸುಳ್ಳಲ್ಲ. ಆದರೆ ಹೊರಮೈ, ಜಾಲರಿ, ಕೊಳವೆ ಇವನ್ನು ಅದು ಮುಟ್ಟುವುದಿಲ್ಲ. ಎರಡು ಮೂರು ಸಾವಿರ ಹೆಚ್ಚಿಗೆ ಕೊಡಲು ಕೈಯಲ್ಲಿದ್ದರೆ ಕೊಡಿ, ಇಲ್ಲದಿದ್ದರೆ ಆ ಹಣ ತಗಡಿನ ಕೊಳವೆಗೆ ಹೋಗಲಿ.

ಕೊಳವೆ ಇಲ್ಲದ, ಇದ್ದಿಲಿನ ಫಿಲ್ಟರಿನಲ್ಲಿ ಗಾಳಿ ಸೋಸಿ ಮತ್ತೆ ಒಳಗೇ ಬಿಡುವ ಚಿಮ್ನಿ ಕೊಡಗಿಗೆ ಬೇಡವೇ ಬೇಡ. ಅದು ಆವಿಯನ್ನು ಹೊರಹಾಕುವುದಿಲ್ಲ, ನಮ್ಮ ಅರ್ಧ ತೊಂದರೆ ಇರುವುದೇ ಆವಿಯಲ್ಲಿ. ಮೂರರಿಂದ ಆರು ತಿಂಗಳಿಗೊಮ್ಮೆ ಹೊಸ ಫಿಲ್ಟರಿನ ಖರ್ಚು ಬೇರೆ.

ಕಡಿಮೆ ವಿದ್ಯುತ್ ಬಳಸುವ ಬಿಎಲ್‌ಡಿಸಿ ಮೋಟಾರಿನ ಬಗ್ಗೆ ಲೆಕ್ಕ ಹಾಕೋಣ. ಸಾಮಾನ್ಯ ಮೋಟಾರು 200 ವ್ಯಾಟ್, ದಿನಕ್ಕೆ ಒಂದೂವರೆ ಗಂಟೆ ಓಡಿದರೆ ತಿಂಗಳಿಗೆ 9 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 54 ರೂಪಾಯಿ. ಬಿಎಲ್‌ಡಿಸಿ ಅದನ್ನು ಅರ್ಧ ಮಾಡಿದರೂ ವರ್ಷಕ್ಕೆ ಉಳಿಯುವುದು 324 ರೂಪಾಯಿ. ಮೂರು ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ವಾಪಸಾಗಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು. ಉಳಿತಾಯಕ್ಕೆಂದು ಅದನ್ನು ಕೊಳ್ಳಬೇಡಿ. ಸದ್ದು ಕಡಿಮೆ ಎಂದೋ, ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಓಡಿಸಬೇಕೆಂದೋ ಕೊಳ್ಳುವುದಾದರೆ ಅರ್ಥವಿದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ ಅದೂ ಸಣ್ಣ ಮಾತಲ್ಲ. ಸಾಮಾನ್ಯ ಮೋಟಾರಾದರೆ ಸೈನ್ ವೇವ್ ಇನ್ವರ್ಟರ್ ಇರಲಿ, ಬೇರೆಯದರಲ್ಲಿ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಮಿತಿಯ ಅಂಚಿನಲ್ಲಿದ್ದರೆ ಆ 9 ಯೂನಿಟ್ಟನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗುಂಡಿಯ ವಿಷಯಕ್ಕೆ ಬಂದರೆ, ಒತ್ತುವ ಗುಂಡಿಯೇ ಮೇಲು. ಮುಟ್ಟಿದರೆ, ಕೈ ಬೀಸಿದರೆ ನಡೆಯುವ ಮಾದರಿಗಳ ಒಳಗಿನ ಎಲೆಕ್ಟ್ರಾನಿಕ್ ಹಲಗೆಗೆ ಥಂಡಿಯೂ ಆಗದು, ವೋಲ್ಟೇಜಿನ ಏರಿಳಿತವೂ ಆಗದು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಮೊದಲು ಕೈಕೊಡುವುದು ಅದೇ. ಒತ್ತುವ ಗುಂಡಿ ಕೆಟ್ಟರೆ ಊರಿನ ಎಲೆಕ್ಟ್ರಿಷಿಯನ್ ಬದಲಾಯಿಸುತ್ತಾರೆ. ಹಲಗೆ ಕೆಟ್ಟರೆ ಮೈಸೂರಿನಿಂದ ಬರುವ ತನಕ ಕಾಯಬೇಕು.

ಹೆಜ್ಜೆ 7: ರಿಪೇರಿಗೆ ಯಾರು ಬರುತ್ತಾರೆ?

ಹಣ ಕೊಡುವ ಮುಂಚೆ ಈ ಪ್ರಶ್ನೆಗೆ ಉತ್ತರ ಸಿಗಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಕಂಪನಿಯ ಸೇವಾ ಸಂಖ್ಯೆಗೆ ಕರೆ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ, ನಿಮ್ಮ ಊರಿಗೆ ಕೆಲಸಗಾರ ಎಲ್ಲಿಂದ ಬರುತ್ತಾರೆ, ಬಂದುಹೋಗುವ ಶುಲ್ಕ ಎಷ್ಟು ಎಂದು ಕೇಳಿ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಅಥವಾ ವಿರಾಜಪೇಟೆಯಲ್ಲಿ ಅವರ ಕೆಲಸಗಾರ ಇದ್ದರೆ ಆ ಕಂಪನಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಚಿಮ್ನಿಗಳ ವಿಷಯದಲ್ಲಿ ಎಡವುವುದು ಇಲ್ಲಿಯೇ. ಯಂತ್ರ ಮನೆ ಬಾಗಿಲಿಗೆ ಬರುತ್ತದೆ, ಅಳವಡಿಸುವವರು ಬರುವುದಿಲ್ಲ. ಜೀವಮಾನದ ವಾರಂಟಿ ಎಂದಿದ್ದರೆ ಅದು ಬರೀ ಮೋಟಾರಿಗೋ, ಗುಂಡಿ, ಹಲಗೆ, ದೀಪಕ್ಕೂ ಇದೆಯೋ ಓದಿ ನೋಡಿ.

ಹೆಜ್ಜೆ 8: ಹಣ ಹಂಚುವುದು

ಈಗಿನ ಬೆಲೆಯಲ್ಲಿ 60 ಸೆಂಟಿಮೀಟರಿನ ಬ್ಯಾಫಲ್ ಚಿಮ್ನಿ ಸುಮಾರು ಏಳರಿಂದ ಹನ್ನೊಂದು ಸಾವಿರಕ್ಕೆ ಸಿಗುತ್ತದೆ. ಕೊಳವೆ, ಬಾಗು, ಹೊರಗಿನ ಟೋಪಿ ಸೇರಿ ಎರಡು ಮೂರು ಸಾವಿರ. ತೂತು ಕೊರೆಯುವುದು, ಅಳವಡಿಕೆ ಸೇರಿ ಮತ್ತೆ ಎರಡು ಸಾವಿರದಷ್ಟು. ನಿಮ್ಮ ಹತ್ತಿರ ಹದಿನೈದು ಸಾವಿರ ಇದ್ದರೆ ಹತ್ತರ ಯಂತ್ರ ನೋಡಿ. ಹದಿನೈದರದನ್ನು ನೋಡಿದರೆ ಕೊಳವೆಯಲ್ಲಿ ಕೈ ಹಿಡಿಯಬೇಕಾಗುತ್ತದೆ.

ಐದು ಸಾವಿರ ಮಾತ್ರ ಇದೆ ಎನ್ನುವವರು ನಿರಾಶರಾಗಬೇಕಿಲ್ಲ. ಒಂಬತ್ತು ಅಥವಾ ಹನ್ನೆರಡು ಇಂಚಿನ ಲೋಹದ ರೆಕ್ಕೆಯ ಎಕ್ಸಾಸ್ಟ್ ಫ್ಯಾನನ್ನು ಒಲೆಯ ಮೇಲ್ಭಾಗದ ಹೊರಗೋಡೆಯಲ್ಲಿ ಕೂರಿಸಿ, ತಗಡು ಕೆಲಸದವರಿಂದ ಒಲೆಯಷ್ಟೇ ಅಗಲದ ಕವುಚು ಮಾಡಿಸಿ, ಅದರ ಮೇಲಿನ ಬಾಯಿ ಫ್ಯಾನಿಗೆ ಕೂಡುವಂತೆ ಮಾಡಿ. ಬರೀ ಫ್ಯಾನು ಇಡೀ ಕೋಣೆಯ ಗಾಳಿಯನ್ನು ಎಳೆಯುತ್ತದೆ, ಕವುಚು ಇದ್ದರೆ ಒಲೆಯ ಗಾಳಿಯನ್ನೇ ಎಳೆಯುತ್ತದೆ. ಹೊರಗೆ ತಾನೇ ಮುಚ್ಚಿಕೊಳ್ಳುವ ಓರೆಪಟ್ಟಿ ಇರಲಿ. ಫ್ಯಾನಿನ ರೆಕ್ಕೆಗೆ ಜಿಡ್ಡು ಹಿಡಿಯುತ್ತದೆ, ತಿಂಗಳಿಗೊಮ್ಮೆ ಕರೆಂಟು ತೆಗೆದು ಒರೆಸಬೇಕು. ಅಡುಗೆ ಸರಳವಾಗಿರುವ ಮನೆಗೆ, ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಇದು ಧಾರಾಳ ಸಾಕು.

ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಕಾಫಿ ಕೊಯ್ಲಿನ ಹಣ ಕೈಗೆ ಬಂದಿರುತ್ತದೆ, ಗೋಡೆ ಒಣಗಿರುತ್ತದೆ, ತೂತಿನ ಸುತ್ತ ಬಳಿದ ಗಾರೆ ಗಟ್ಟಿಯಾಗುತ್ತದೆ. ಜುಲೈಯಲ್ಲಿ ಕೊರೆದ ತೂತಿನ ಸುತ್ತ ನೀರು ಇಳಿಯುವುದನ್ನು ನಿಲ್ಲಿಸುವುದು ಕಷ್ಟ.

ಹೆಜ್ಜೆ 9: ಅಳವಡಿಸುವ ದಿನ

ಮನೆಯವರು ಹತ್ತಿರ ನಿಂತು ನೋಡಬೇಕಾದ ಕೆಲಸ ಇದು. ಹಳೆಯ ಮಣ್ಣಿನ ಗೋಡೆ, ಮೆದು ಕಲ್ಲಿನ ಗೋಡೆಯಾದರೆ ಸಾಮಾನ್ಯ ತಿರುಪು ನಿಲ್ಲದು. ಗೋಡೆಗೆ ಅಡ್ಡ ಹಲಗೆಯೊಂದನ್ನು ಬಿಗಿದು ಅದಕ್ಕೆ ಚಿಮ್ನಿ ತೂಗಿಸಿ, ಅಥವಾ ಆಚೆ ಬದಿಯ ತನಕ ಬೋಲ್ಟು ಹಾಕಿಸಿ. ಕೊಳವೆಯ ಕೂಡುಗಳಿಗೆ ಲೋಹದ ಪಟ್ಟಿ ಬಿಗಿದು ಅಲ್ಯೂಮಿನಿಯಂ ಟೇಪು ಸುತ್ತಬೇಕು, ಬಟ್ಟೆಯ ಟೇಪು ಕಾವಿಗೆ ಬಿಟ್ಟುಕೊಳ್ಳುತ್ತದೆ. ಬ್ಲೋವರಿನ ಬಾಯಲ್ಲಿರುವ ಪ್ಲಾಸ್ಟಿಕ್ಕಿನ ರೆಕ್ಕೆಬಾಗಿಲು ಸಲೀಸಾಗಿ ಆಡುತ್ತದೆಯೇ, ಸಾಗಣೆಗೆಂದು ಅಂಟಿಸಿದ ಟೇಪು ತೆಗೆದಿದ್ದಾರೆಯೇ ಎಂದು ಕೈ ಹಾಕಿ ನೋಡಿ. ಗೋಡೆಯ ಹೊರಬದಿಯ ಸಂದಿಗೆ ಸಿಲಿಕೋನ್ ಸೀಲಂಟ್. ಪ್ಲಗ್ ಮೂರು ಪಿನ್ನಿನದು, ಅರ್ಥಿಂಗ್ ಸರಿಯಿರಲಿ, ಸಾಕೆಟ್ಟು ಒಲೆಯ ನೇರ ಮೇಲೆ ಬೇಡ.

ಎಲ್ಲ ಮುಗಿದ ಮೇಲೆ ಕೆಲಸಗಾರರನ್ನು ಕಳಿಸುವ ಮೊದಲು ಎಣ್ಣೆ ಕಾಯಿಸಿ ನಾಲ್ಕು ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿ, ಪಕ್ಕದ ಕೋಣೆಯಲ್ಲಿ ಒಬ್ಬರನ್ನು ನಿಲ್ಲಿಸಿ. ಅವರಿಗೆ ಕೆಮ್ಮು ಬಂದರೆ ಬಾಗು, ಎತ್ತರ, ಒಳಗೆ ಬರುವ ಗಾಳಿ ಮೂರನ್ನೂ ಮತ್ತೆ ನೋಡಿಸಿ.

ದಿನದ ಬಳಕೆ, ಶುಚಿ

ಒಲೆ ಹಚ್ಚುವ ಐದು ನಿಮಿಷ ಮೊದಲು ಚಿಮ್ನಿ ಹಾಕಿ, ಆರಿಸಿದ ಮೇಲೆ ಹತ್ತು ನಿಮಿಷ ಓಡಲಿ. ಅನ್ನ, ಸಾರಿಗೆ ಕಡಿಮೆ ವೇಗ ಸಾಕು, ಹುರಿಯುವಾಗ ಹೆಚ್ಚಿಸಿ.

ಗ್ಯಾಸ್ ಸೋರಿದ ವಾಸನೆ ಬಂದಾಗ ಮಾತ್ರ ಚಿಮ್ನಿಯ ಗುಂಡಿ ಮುಟ್ಟಲೇಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಡಿರುತ್ತದೆ. ಮೇಲಿನ ಚಿಮ್ನಿ ಅದನ್ನು ಎಳೆಯುವುದಿಲ್ಲ, ಗುಂಡಿಯ ಕಿಡಿ ಸಾಕು ಹೊತ್ತಿಕೊಳ್ಳಲು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಮನೆಯಲ್ಲಿರುವ ಎಲ್ಲರಿಗೂ, ಅಡುಗೆಗೆ ನೆರವಾಗುವವರಿಗೂ ಇದನ್ನು ಹೇಳಿಕೊಡಿ.

ಸ್ಟೀಲಿನ ಬ್ಯಾಫಲನ್ನು ಕುದಿನೀರಿಗೆ ಪಾತ್ರೆ ತೊಳೆಯುವ ದ್ರವ, ಒಂದು ಹಿಡಿ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿದರೆ ಜಿಡ್ಡು ತಾನಾಗಿ ಬಿಡುತ್ತದೆ. ಸೀಗೆಪುಡಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಜಾಲರಿಗೆ ಸೋಡಾ, ಕಾಸ್ಟಿಕ್ ಬೇಡ, ಕಪ್ಪಾಗಿ ತಿಂದುಹೋಗುತ್ತದೆ. ತೊಳೆದದ್ದನ್ನು ಪೂರ್ತಿ ಒಣಗಿಸಿ ಹಾಕಿ; ಮಳೆಗಾಲದಲ್ಲಿ ಒಲೆಯ ಹತ್ತಿರ ಒರಗಿಸಿಟ್ಟರೆ ಬೇಗ ಒಣಗುತ್ತದೆ. ಎಣ್ಣೆ ಬಟ್ಟಲನ್ನು ತುಂಬುವ ತನಕ ಬಿಡಬೇಡಿ.

ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಿ ವಾರಗಟ್ಟಲೆ ಮನೆ ಮುಚ್ಚಿದ್ದರೆ, ಬಂದ ಕೂಡಲೇ ಹೊರಗಿನ ಬಾಯಿಯ ಜಾಲರಿಯನ್ನು ಒಮ್ಮೆ ನೋಡಿ. ಕಣಜದ ಗೂಡು ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಚಿಮ್ನಿ ಹಾಕಿ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ರೆಕ್ಕೆಬಾಗಿಲು ಸಲೀಸಾಗಿ ಆಡುತ್ತದೆಯೇ, ಸೀಲಂಟ್ ಬಿರುಕು ಬಿಟ್ಟಿದೆಯೇ, ಕೊಳವೆಯ ಇಳಿಜಾರು ಹಾಗೇ ಇದೆಯೇ ಎಂದು ಏಣಿ ಹಾಕಿ ನೋಡಿ. ಗುಡುಗು ಶುರುವಾದರೆ ಪ್ಲಗ್ ತೆಗೆದಿಡಿ.